ಅಂಗೈ ಮೇಲಿನ ಪಿಕಪ್

ಪ್ರೀತಿಯ ವಿಲ್ಮರ್,

ಎರಡು ಗಂಟೆ ಹತ್ತು ನಿಮಿಷ. ತಗಡಿನ ಮಾಡಿನ ಮೇಲೆ ಯಾರೋ ಕಿನೋವಾ ಮೂಟೆ ಬಿಚ್ಚಿ ಸುರಿದಂತೆ ಸದ್ದಾಗಿ ಎದ್ದು ಕುಳಿತೆ. ಮೊದಲು ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು, ಕೊನೆಗೆ ನನ್ನ ಉಸಿರೇ ನನಗೆ ಕೇಳಿಸದ ಹಾಗೆ ಆಲಿಕಲ್ಲು ಬಿತ್ತು. ಆಬ್ರಿಲ್ ಎರಡೂ ಕೈ ಮೇಲೆತ್ತಿ ಒಮ್ಮೆ ಬೆಚ್ಚಿದಳು, ಮತ್ತೆ ನಿದ್ದೆಗೆ ಜಾರಿದಳು. ಐದು ತಿಂಗಳಿಗೇ ನಿನ್ನ ನಿದ್ದೆ ಕಲಿತಿದ್ದಾಳೆ. ಕಾಲು ಗಂಟೆಯಲ್ಲಿ ಆಲಿಕಲ್ಲು ನಿಂತು ಮಳೆ ಹಿಡಿಯಿತು. ಕಂಬಳಿ ಹೊದ್ದು ಬಾಗಿಲು ತೆರೆದು ನೋಡಿದೆ. ಅಂಗಳವೆಲ್ಲ ಬೆಳ್ಳಗಿತ್ತು. ಮಿಂಚು ಪಶ್ಚಿಮಕ್ಕೆ, ಉಪ್ಪಿನ ಬಯಲಿನ ಕಡೆಗೆ ಸರಿಯುತ್ತಿತ್ತು. ಇನ್ನು ಎರಡು ಗಂಟೆಯಲ್ಲಿ ನೀನು ಆ ಗಾಡಿಯನ್ನು ಓಡಿಸಿಕೊಂಡು ಬರಬೇಕಾಗಿರುವುದು ಅದೇ ಬಯಲಿನ ಮೇಲೆ.

ನಿನ್ನ ಫೋನು ಆಫ್ ಆಗಿದೆ. ಗಡಿಯಾಚೆ, ಚಿಲಿಯ ಆ ದಿಬ್ಬದ ಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಒಂದೇ ಸಲ ಆನ್ ಮಾಡುತ್ತೀರಿ, ದಾರಿಯಲ್ಲಿ ಸಿಪಾಯಿಗಳು ಯಾರೂ ಇಲ್ಲವೆಂದು ಕೇಳಿ ತಿಳಿಯುತ್ತೀರಿ, ಹೊರಡುತ್ತೀರಿ. ಅದು ನಿನ್ನ ದೊಡ್ಡಪ್ಪನ ಮಗ ಫ್ರೊಯಿಲಾನ್‌ನ ಕಟ್ಟಳೆ. ಮಾತನ್ನು ರೆಕಾರ್ಡ್ ಮಾಡಿ ಕಳಿಸಿದರೆ ಅವನು ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಾನೆ, ನಗುತ್ತಾನೆ, ಅವನೆದುರು ನೀನೂ ನಗಬೇಕಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕಾಲೇಜಿನ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳಿವು. ಒಂದೊಂದು ಪುಟ ತುಂಬಿದ ಹಾಗೆ ಫೋಟೋ ತೆಗೆದು ಕಳಿಸುತ್ತೇನೆ. ನಾಲ್ಕು ಗಂಟೆಗೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಅವನು ಎಷ್ಟೇ ಅವಸರ ಮಾಡಲಿ, ಕೊನೆಯ ಪುಟದವರೆಗೆ ಓದದೆ ಕೀಲಿ ತಿರುಗಿಸಬೇಡ.

ನೀನಿರುವ ಕಡೆ ಆಕಾಶ ಶುಭ್ರವಾಗಿರಬಹುದು. ಇಲ್ಲಿ ಮಳೆಯಾಗಿದೆ ಅಂದರೆ ಫ್ರೊಯಿಲಾನ್ ಏನೆನ್ನುತ್ತಾನೆ ಎಂಬುದೂ ನನಗೆ ಗೊತ್ತು. ಹೋದ ವಾರ ನಮ್ಮ ಒಲೆಯ ಮುಂದೆ ಕುಳಿತು ಕೋಕಾ ಎಲೆ ಜಗಿಯುತ್ತ ಹೇಳಿದ್ದನಲ್ಲ: "ಅತ್ತಿಗೇ, ಮಳೆ ಬಂದ್ರೆ ನಮಗೆ ಹಬ್ಬ. ಸಿಪಾಯಿಗಳೂ ಮನುಷ್ಯರೇ ಅಲ್ವಾ? ಒದ್ದೆ ಆಗೋಕೆ ಅವರಿಗೂ ಇಷ್ಟ ಇಲ್ಲ. ಜೀಪ್ ಒಳಗೇ ಕೂತು ಗೊರಕೆ ಹೊಡೀತಾರೆ." ನೀನು ನಕ್ಕೆ. ನಾನು ಚೂನ್ಯೊ ಆಲೂಗಡ್ಡೆ ತೊಳೆಯುತ್ತ ಸುಮ್ಮನಿದ್ದೆ. ಇವತ್ತು ಸುಮ್ಮನಿರಲಾರೆ. ಆ ಬಯಲಿನ ಅಂಚಿನಲ್ಲಿ ಎರಡು ವರ್ಷ ಮಣ್ಣು ಅಗೆದು, ಅಳೆದು, ಕಾಲೇಜಿನ ಪ್ರಬಂಧ ಬರೆದು ಪಾಸಾದವಳು ನಾನು. ಮೇಲಿನ ಉಪ್ಪಿನ ಹೊರಪದರ ಕೆಲವು ಕಡೆ ಮೊಳದಷ್ಟು ದಪ್ಪ, ಕೆಲವು ಕಡೆ ರೊಟ್ಟಿಯಷ್ಟು. ಕೆಳಗಿರುವುದು ಕಪ್ಪು ಕೆಸರು. ಒಣಗಿದ್ದಾಗ ಬಣ್ಣ ನೋಡಿ ತೆಳುವಾದ ಜಾಗ ಗುರುತಿಸಬಹುದು. ಮೇಲೆ ನಾಲ್ಕು ಬೆರಳು ನೀರು ನಿಂತರೆ ಎಲ್ಲವೂ ಒಂದೇ ಕನ್ನಡಿ. ಅದರ ಮೇಲೆ ನೀವು ದೀಪ ಆರಿಸಿಕೊಂಡು, ಸುಂಕದವರ ಕಣ್ಣು ತಪ್ಪಿಸಿ, ಎರಡು ಟನ್ ಕಬ್ಬಿಣ ತರುತ್ತೀರಿ. ಇದಕ್ಕಿಂತ ಹೆಚ್ಚು ಹೇಳಿ ನಿನ್ನನ್ನು ಹೆದರಿಸುವುದಿಲ್ಲ. ಹೆದರಿಕೆ ನನ್ನೊಬ್ಬಳಿಗೇ ಸಾಕು.

ನೀನು ಯಾಕೆ ಇವತ್ತೇ ಬರಬೇಕೆಂದು ಹಟ ಹಿಡಿದಿದ್ದೀಯ ಎಂಬುದು ಗೊತ್ತು. ಇವತ್ತು ಜನವರಿ ಇಪ್ಪತ್ನಾಲ್ಕು. ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ವರ್ಷ ತುಂಬುತ್ತದೆ. ಅಷ್ಟರೊಳಗೆ ಗಾಡಿ ಅಂಗಳದಲ್ಲಿ ನಿಲ್ಲದಿದ್ದರೆ ಬೇಡಿಕೊಂಡದ್ದು ಬಿದ್ದುಹೋಯಿತು ಎಂದು ನೀನು ನಂಬಿದ್ದೀಯ. ಆ ವಿಷಯದಲ್ಲಿ ನಿನಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಅದನ್ನು ಹೇಳಲೆಂದೇ ಬರೆಯಲು ಕುಳಿತೆ. ಆದರೆ ಒಮ್ಮೆಗೇ ಬಾಯಿಗೆ ಬರುತ್ತಿಲ್ಲ. ಸ್ವಲ್ಪ ಹಿಂದಿನಿಂದ ಬರುತ್ತೇನೆ, ತಾಳ್ಮೆಯಿರಲಿ.

ಆ ಗಾಡಿಯನ್ನು ನಾವು ಬರೀ ಮಾತಿನಲ್ಲೇ, ಆಟವಾಗಿ, ಕಟ್ಟಲು ಶುರುಮಾಡಿದ್ದು ನೆನಪಿದೆಯಾ? ಮದುವೆಯಾದ ಮೊದಲ ವರ್ಷ, ಏಪ್ರಿಲ್‌ನಲ್ಲಿ, ಕಣದ ಮೇಲೆ ಕಿನೋವಾ ತೂರುತ್ತಿದ್ದೆವು. ಗಾಳಿ ಬಿದ್ದಿತ್ತು, ಕೆಲಸ ನಿಂತಿತ್ತು. ಒಬ್ಬರಾದ ಮೇಲೆ ಒಬ್ಬರು ಗಾಡಿಗೆ ಒಂದೊಂದು ಅಂಗ ಸೇರಿಸಬೇಕು, ಹೇಳಿದ್ದನ್ನೇ ಮತ್ತೆ ಹೇಳಿದವರು ಚಹಾ ಕಾಸಬೇಕು. ನೀನು ಮೊದಲು ಎಂಜಿನ್ ಇಟ್ಟೆ. "ಡೀಸೆಲ್. ಅದರಲ್ಲಿ ಎರಡು ಮಾತಿಲ್ಲ. ಪೆಟ್ರೋಲ್ ಗಾಡಿ ಈ ಎತ್ತರದಲ್ಲಿ ತಗ್ಗಿನ ಸಾಂತಾಕ್ರೂಸಿಂದ ಬಂದ ಪಾದ್ರಿ ಥರ, ನಾಲ್ಕು ಹೆಜ್ಜೆ ಹತ್ತೋದ್ರೊಳಗೆ ಏದುಸಿರು." ನಾನು ಹೀಟರ್ ಪ್ಲಗ್ ಸೇರಿಸಿದೆ. ಅಪ್ಪ ಜೂನ್ ತಿಂಗಳ ಕೊರೆವ ಚಳಿಯ ಬೆಳಗಿನಲ್ಲಿ ಟ್ರ್ಯಾಕ್ಟರಿನ ಹೊಟ್ಟೆಯಡಿ ಲಾಮಾ ಹಿಕ್ಕೆಯ ಬೆಂಕಿ ಹಾಕಿ ಅದನ್ನು ಎಬ್ಬಿಸುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ನಮ್ಮ ಗಾಡಿ ಕೀಲಿ ತಿರುಗಿಸಿ ಹತ್ತು ಎಣಿಸುವುದರೊಳಗೆ ಬೆಚ್ಚಗಾಗಿ ಏಳಬೇಕು. "ನನ್ನ ಥರ ಅಲ್ಲ ಅಂತ ತಾನೇ?" ಅಂದೆ ನೀನು. ನಿನ್ನ ಥರ ಅಲ್ಲ ಅಂತಲೇ.

ಹಿಂದಿನ ಬಾಡಿ ಇಪ್ಪತ್ತೈದು ಮೂಟೆ ಹೊರಬೇಕು. ಸ್ಪ್ರಿಂಗ್ ಪಟ್ಟಿಗೆ ಎರಡು ಹೆಚ್ಚು ಸೇರಿಸಿರಬೇಕು. ಕಾರ್ನಿವಲ್ ಬಂದರೆ ನಿನ್ನ ತೂಬಾ ವಾದ್ಯ ಗೀರು ಬೀಳದಂತೆ ಒರಗಲು ಮೂಲೆಯಲ್ಲಿ ಚರ್ಮ ಹೊಡೆದಿರಬೇಕು. ಅಷ್ಟರಲ್ಲಿ ಕಣದ ಆಚೆಯಿಂದ ಅತ್ತೆ ಕೂಗಿದರು. "ಪೀಪಿಗೆ ಚರ್ಮದ ಹಾಸಿಗೆ, ನಾನೆಲ್ಲಿ ಕೂತ್ಕೊಳ್ಲಿ? ಮೂಟೆ ಮೇಲಾ?" ಹಾಗೆ ಒಂಟಿ ಕ್ಯಾಬಿನ್ ಇದ್ದದ್ದು ಜೋಡಿ ಕ್ಯಾಬಿನ್ ಆಯಿತು, ಎರಡು ಬಾಗಿಲು ನಾಲ್ಕಾಯಿತು. ಬಣ್ಣಕ್ಕೆ ಮೂರು ದಿನ ಜಗಳವಾಡಿದೆವು. ನಿನಗೆ ಕೆಂಪು. ನನಗೆ ನಮ್ಮೂರ ಧೂಳಿನದೇ ಬಣ್ಣ, ತೊಳೆದರೂ ತೊಳೆಯದಿದ್ದರೂ ಒಂದೇ. ಕೊನೆಗೆ ನೀನು ಸೋತೆ, ಅಥವಾ ಸೋತಂತೆ ಮಾಡಿದೆ.

ಆಮೇಲಿನದನ್ನು ನಾವು ಮಾತಾಡಿಕೊಂಡಿಲ್ಲ. ಮೊದಲನೆಯದು ಹೊಟ್ಟೆಯಲ್ಲೇ ಹೋಯಿತು. ಮರುವರ್ಷ ಎರಡನೆಯದೂ ಹೋಯಿತು. ಆ ಚಳಿಗಾಲ ಆಟ ನಿಂತೇ ಹೋಗಿತ್ತು. ಒಂದು ಸಂಜೆ ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ನೀನು ಕತ್ತಲಲ್ಲಿ, ಯಾರಿಗೋ ಹೇಳುವವನ ಹಾಗೆ, "ಹಿಂದಿನ ಬಾಗಿಲಿಗೆ ಮಕ್ಕಳ ಬೀಗ ಇರ್ಬೇಕು. ಒಳಗಿಂದ ತೆಗೆಯೋಕೆ ಬರಬಾರ್ದು" ಅಂದೆ. ನಾನು ತಿರುಗಲಿಲ್ಲ. ಸೀಟ್ ಬೆಲ್ಟು ಹಿಂದೆ ಮೂರು ಬೇಕು ಎಂದಷ್ಟೇ ಹೇಳಿದೆ. ಆವತ್ತು ನಿನ್ನ ಕೈ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಈಗ ಬರೆಯುವಾಗ ಹಿಡಿದುಕೊಂಡಿದ್ದೇನೆ ಎಂದುಕೋ.

ಹೋದ ವರ್ಷ ಇದೇ ದಿನ ಲಾ ಪಾಸ್‌ನ ಸಂತೆಗೆ ಹೋದೆವು. ಬೇಕಾದದ್ದರ ಪುಟ್ಟ ರೂಪವನ್ನು ಹನ್ನೆರಡರ ಗಂಟೆಗೆ ಮುಂಚೆ ಕೊಂಡು, ಆಮೇಲೆ ಹೊಗೆ ಹಾಕಿಸಿದರೆ ವರ್ಷದೊಳಗೆ ನಿಜವಾದದ್ದು ಬರುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲಿ ಗೆಳತಿಯರೆದುರು ಎಷ್ಟು ಗೇಲಿ ಮಾಡಿದ್ದೆ! ನೀನು ಮಾತ್ರ ಒಂದೊಂದೇ ಅಂಗೈಯಗಲದ ಪಿಕಪ್ ಎತ್ತಿ, ತಿರುಗಿಸಿ, ಹೊಟ್ಟೆಯಡಿ ಇಣುಕಿ ವಾಪಸ್ ಇಡುತ್ತಿದ್ದೆ. ಒಂದಕ್ಕೆ ಬಾಗಿಲು ಎರಡೇ, ಇನ್ನೊಂದಕ್ಕೆ ಸ್ಟೆಪ್ನಿ ಇಲ್ಲ. ಅಂಗಡಿಯಾಕೆಗೆ ರೇಗಿತು.

"ಏನಪ್ಪಾ, ಆಯಿಲ್ಲೂ ಚೆಕ್ ಮಾಡ್ತೀಯಾ? ಆಟಿಕೆ ಅದು."

"ಆಟಿಕೆ ಅಲ್ಲಕ್ಕಾ, ಆರ್ಡರ್ರು. ತಪ್ಪಾಗಿ ಕೊಟ್ರೆ ತಪ್ಪಾಗಿ ಬರುತ್ತೆ."

ಆಕೆ ನಕ್ಕುಬಿಟ್ಟಳು. ತನ್ನ ಉಗುರುಬಣ್ಣ ತೆಗೆದು ಇಂಧನದ ಮುಚ್ಚಳದ ಮೇಲೆ ಡೀಸೆಲ್ ಗುರುತು ಹಾಕಿಕೊಟ್ಟಳು. ನೀನು ಅದನ್ನು ಹಕ್ಕಿಮರಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು, ಹೊಗೆ ಹಾಕುವ ಮುದುಕನ ಸಾಲಿಗೆ ಓಡಿದೆ. ಓಡುತ್ತಲೇ ನನಗೆ ಕೂಗಿದೆ: "ಪೇಪರ್ಸ್ ನೀನು ತಾ! ಮಾಲೀಕತ್ವ, ವಿಮೆ, ನಂಬರ್ ಪ್ಲೇಟು, ಎಲ್ಲಾ!"

ವಿಲ್ಮರ್, ನಾನು ಆ ಪುಟ್ಟ ದಾಖಲೆಗಳನ್ನು ಕೊಳ್ಳಲಿಲ್ಲ.

ಕೊಂಡೆ, ಎಕೆಕೊನ ಗಂಟಿನಲ್ಲಿ ಕಟ್ಟಿಟ್ಟೆ ಎಂದು ನಿನಗೆ ಹೇಳಿದ್ದು ಸುಳ್ಳು. ಕಪಾಟಿನ ಮೇಲಿನ ಆ ಮಣ್ಣಿನ ದೇವರ ಬಾಯಿಗೆ ಪ್ರತಿ ಶುಕ್ರವಾರ ನೀನು ಸಿಗರೇಟು ಹಚ್ಚಿಟ್ಟು ಗಾಡಿ ಕೇಳುವಾಗ ನಾನು ಅವನ ಮುಖ ನೋಡುತ್ತಿರಲಿಲ್ಲ, ನೀನು ಗಮನಿಸಿರಲಿಕ್ಕಿಲ್ಲ. ನಿನ್ನೆ ಸಂಜೆ ಅತ್ತೆ ಈ ವರ್ಷದ ಸಂತೆಗೆಂದು ಲಾ ಪಾಸ್‌ನ ಬಸ್ ಹತ್ತುವ ಮುಂಚೆ, ಹೊಸದಕ್ಕೆ ಜಾಗ ಮಾಡಲು ಹಳೆಯ ಗಂಟು ಬಿಚ್ಚಿದರು.

"ಸೊಸೇ, ಗಾಡಿ ಇದೆ. ಪೇಪರ್ಸ್ ಎಲ್ಲಿ?"

"ಒಳಗೇ ಇರಬೇಕು ಅತ್ತೆ."

"ಒಳಗೆ ಅಂದ್ರೆ ಎಲ್ಲಿ, ನಿನ್ನ ಹೊಟ್ಟೆ ಒಳಗಾ?"

ಅವರು ಹಾಗೇ ನೋಡುತ್ತ ನಿಂತರು. ಆಮೇಲೆ ಗಾಡಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, "ಗಾಡಿ ಕೇಳಿದ್ರಿ, ಗಾಡಿ ಕೊಟ್ಟ. ಪೇಪರ್ಸ್ ಕೇಳ್ಲಿಲ್ಲ, ಕೊಡ್ಲಿಲ್ಲ. ಪಾಪ, ಅವನದೇನು ತಪ್ಪು?" ಎಂದು ಎಕೆಕೊನ ಟೋಪಿ ಸರಿಮಾಡಿ ಹೊರಟುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಹೊಟ್ಟೆ ಒಳಗಾ ಎಂಬ ಅವರ ಆ ಕುಹಕ ಎಷ್ಟು ನಿಜವೆಂದು ಅವರಿಗೂ ಗೊತ್ತಿಲ್ಲ. ಆವತ್ತು ಪುಟ್ಟ ದಾಖಲೆಗಳ ಅಂಗಡಿ ಮುಂದೆ ಜನವೋ ಜನ. ನನ್ನ ಸರದಿ ಬರುವಷ್ಟರಲ್ಲಿ ಗಡಿಯಾರದಲ್ಲಿ ಹನ್ನೆರಡಕ್ಕೆ ಎರಡೋ ಮೂರೋ ನಿಮಿಷವಿತ್ತು. "ಒಂದೇ, ಒಂದೇ, ಬೇಗ ಹೇಳಮ್ಮ" ಎಂದು ಆತ ಮೊಹರು ಎತ್ತಿಕೊಂಡೇ ಕುಳಿತಿದ್ದ. ಎದುರಿಗೆ ಗಾಡಿಯ ದಾಖಲೆಗಳ ಕಟ್ಟಿತ್ತು. ಅದರ ಪಕ್ಕದಲ್ಲಿ ಬೆಂಕಿಪೆಟ್ಟಿಗೆಯಷ್ಟು ಅಗಲದ ಜನನ ಪತ್ರಗಳಿದ್ದವು. ನನಗೆ ಆಗ ಎರಡು ತಿಂಗಳು. ನಿನಗೂ ಹೇಳಿರಲಿಲ್ಲ. ಎರಡು ಸಲ ಹೇಳಿ, ಎರಡು ಸಲ ನಿನ್ನ ಮುಖ ಬಾಡುವುದನ್ನು ನೋಡಿದ್ದೆ. ಗಾಡಿಯದಕ್ಕೆಂದು ಚಾಚಿದ ಕೈ ತಾನಾಗಿಯೇ ಆ ಕಡೆ ಹೋಯಿತು.

"ಮಗು ಹೆಸ್ರು?" ಅಂದ.

"ಖಾಲಿ ಬಿಡಿ."

"ಖಾಲಿ ಬಿಟ್ರೆ ಯಾರು ಬರ್ತಾರಮ್ಮ? ಹೆಸ್ರು ಹಿಡಿದು ಕರೆದ್ರೆ ತಾನೇ ಬರೋದು!"

ನಾನು ಕಣದ ಮೇಲೆ ಆಟ ಶುರುವಾದ ಏಪ್ರಿಲ್ ತಿಂಗಳ ಹೆಸರನ್ನೇ ಹೇಳಿದೆ, ಆಬ್ರಿಲ್ ಎಂದು. ಅವನು ಬರೆದ, ಮೊಹರು ಒತ್ತಿದ, ಗಂಟೆ ಹೊಡೆಯಿತು. ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಬಂದು, ಮುದುಕ ನಿನ್ನ ಗಾಡಿಗೆ ಹೊಗೆ ಹಾಕುವಾಗ ಹೊಗೆಯೊಳಗೇ ನಿಂತೆ. ಅತ್ತೆಯ ಹೆಸರಿಡೋಣವೆಂದು ನೀನು ಅಷ್ಟು ಕೇಳಿದರೂ ನಾನು ಜಗ್ಗಲಿಲ್ಲವಲ್ಲ, ಕಾರಣ ಇದು. ಈ ಪುಟದ ಜೊತೆ ಅದರ ಫೋಟೋ ಇದೆ, ನೋಡು. ತಂದೆಯ ಹೆಸರಿನ ಜಾಗದಲ್ಲಿ ನಿನ್ನದೇ ಹೆಸರು, ಅವಸರದಲ್ಲಿ ಸ್ವಲ್ಪ ಸೊಟ್ಟಗಾಗಿದೆ.

ನಡುವೆ ಆಬ್ರಿಲ್ ಎದ್ದಳು. ಹಾಲು ಕುಡಿದು ಮಲಗಿದ್ದಾಳೆ. ಈಗ ಮೂರು ಗಂಟೆ ಇಪ್ಪತ್ತು. ಮಳೆ ನಿಂತಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಕ್ಟೋಬರಿನಲ್ಲಿ ಇವಳಿಗೆ ಜ್ವರ ಬಂದಾಗ ರಸ್ತೆಬದಿಯಲ್ಲಿ ನಾಲ್ಕು ಗಂಟೆ ನಿಂತೆವು. ಒಂದು ಗಾಡಿಯೂ ನಿಲ್ಲಲಿಲ್ಲ. ಕೊನೆಗೆ ಉಪ್ಪಿನ ಲಾರಿಯವನು ಹತ್ತಿಸಿಕೊಂಡ. ಒರೂರೋ ಆಸ್ಪತ್ರೆಯ ಮೊಗಸಾಲೆಯಲ್ಲಿ, ಜನರೆಲ್ಲ ಕೇಳುವಂತೆ ನಾನು ನಿನಗೆ ಅಂದೆ: "ಒಂದು ಗಾಡಿ ತರೋಕಾಗದೋನು ಮಗು ಯಾಕೆ ಬೇಕು ಅಂದೆ?" ನೀನು ಹೊರಗೆ ಹೋಗಿ ಬಿಸಿ ಆಪಿ ತಂದೆ. ಲೋಟದ ಮೇಲಿನ ಕೆನೆಯನ್ನು ಊದಿ ಸರಿಸಿ ಕೊಟ್ಟೆ. ಆ ಮೆಕ್ಕೆಜೋಳದ ಪಾನಕವನ್ನು ನಾನು ತಳದವರೆಗೂ ಕುಡಿದೆ. ತಪ್ಪಾಯಿತು ಎನ್ನಲು ಮೂರು ತಿಂಗಳಾದರೂ ನಾಲಿಗೆ ಏಳಲಿಲ್ಲ. ಮಗು ಬೇಕೆಂದು ಕದ್ದು ಬೇಡಿಕೊಂಡವಳು ನಾನು, ಬೈಗುಳ ತಿಂದವನು ನೀನು. ಆ ವಾರವೇ ನೀನು ಫ್ರೊಯಿಲಾನ್ ಮನೆಗೆ ಹೋದೆ. ನಿನ್ನನ್ನು ಆ ದಿಬ್ಬಕ್ಕೆ ಕಳಿಸಿದ್ದು ಅವನಲ್ಲ, ನನ್ನ ಆ ಮಾತು.

ಚಿಲಿಯ ಇಕಿಕೆ ಬಂದರಿನಿಂದ ನೀನು ಕಳಿಸಿದ ಫೋಟೋಗಳನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ. ನಾಲ್ಕು ಬಾಗಿಲು, ಡೀಸೆಲ್ ಎಂಜಿನ್, ಧೂಳಿನ ಬಣ್ಣ. ಮಕ್ಕಳ ಬೀಗದ ಹತ್ತಿರ ನಿನ್ನ ಬೆರಳಿಟ್ಟು ಬೇರೆಯೇ ಒಂದು ಫೋಟೋ ತೆಗೆದಿದ್ದೀಯ. ಎಲ್ಲೋ ಬಲಗಡೆ ಇದ್ದ ಸ್ಟೀರಿಂಗನ್ನು ಕಿತ್ತು ಎಡಕ್ಕೆ ತಂದು, ಹಳೆಯ ತೂತಿಗೆ ತಗಡು ಹೊಡೆದಿದ್ದಾರೆ. ಪರವಾಗಿಲ್ಲ, ಅದನ್ನು ಕ್ಷಮಿಸಬಹುದು. ನಾವು ಕಣದ ಮೇಲೆ ಕಟ್ಟಿದ ಗಾಡಿಗೆ ಇಷ್ಟು ಹತ್ತಿರದ್ದು ಈ ಭೂಮಿಯ ಮೇಲೆ ಇನ್ನೊಂದಿರಲಾರದು. ಅದಕ್ಕೇ ನನಗೆ ಭಯ. ದಾಖಲೆಯೊಂದು ಬಿಟ್ಟು ಮಿಕ್ಕೆಲ್ಲ ಇದೆ.

ಈಗ ಆಟದಲ್ಲಿ ನನ್ನ ಸರದಿ ಎಂದುಕೋ. ಇಷ್ಟು ವರ್ಷ ನಮಗಿಬ್ಬರಿಗೂ ಹೊಳೆಯದ ಒಂದು ಅಂಗ ಸೇರಿಸುತ್ತೇನೆ. ನಮ್ಮ ಗಾಡಿ ತಡೆಗೇಟು ಕಂಡಾಗ ದೀಪ ಆರಿಸಬಾರದು. ನಿಲ್ಲಬೇಕು, ಕಿಟಕಿ ಇಳಿಸಬೇಕು, ಪೊಲೀಸಿನವನಿಗೆ ನಮಸ್ಕಾರ ಅನ್ನಬೇಕು. ಬಂಕಿನಲ್ಲಿ ಹೆಸರು ಹೇಳಿ ಡೀಸೆಲ್ ಹಾಕಿಸಬೇಕು. ನೀನು ತರುತ್ತಿರುವ ನಂಬರ್ ಪ್ಲೇಟಿಲ್ಲದ ಗಾಡಿಗೆ ಡೀಸೆಲ್ ಯಾರು ಹಾಕುತ್ತಾರೆ? ಇವಳಿಗೆ ಮತ್ತೆ ಜ್ವರ ಬಂದರೆ ಏನು ಮಾಡುತ್ತೀಯ? ಮಗು ನನ್ನ ತೊಡೆಯ ಮೇಲೆ ಸುಡುತ್ತಿರುವಾಗ ತಡೆಗೇಟು ತಪ್ಪಿಸಲು ರಸ್ತೆ ಬಿಟ್ಟು ಹೊಲಕ್ಕೆ ಇಳಿಸುತ್ತೀಯಾ? "ಒಂದಿನ ಸರ್ಕಾರ ಎಲ್ಲಕ್ಕೂ ಪೇಪರ್ಸ್ ಮಾಡಿಕೊಡುತ್ತೆ" ಅನ್ನುತ್ತಾನೆ ಫ್ರೊಯಿಲಾನ್. ಮಾಡಿಕೊಡಬಹುದು. ಜ್ವರ ಆ ದಿನದವರೆಗೆ ಕಾಯುವುದಿಲ್ಲ. ಆಸ್ಪತ್ರೆಗೆ ಹೋಗಲೆಂದು ತರುವ ಗಾಡಿ ಆಸ್ಪತ್ರೆಯ ದಾರಿಯಲ್ಲೇ ಹೋಗಲಾರದು. ಇದನ್ನು ನಾನು ಮೂರು ತಿಂಗಳ ಹಿಂದೆಯೇ ಹೇಳಬೇಕಿತ್ತು. ನನಗೂ ಅದು ಬೇಕಾಗಿತ್ತು, ಸುಮ್ಮನಿದ್ದುಬಿಟ್ಟೆ.

ಅದನ್ನು ಅಲ್ಲೇ ಬಿಡು. ಕೊಟ್ಟ ಹಣ ಹೋದರೆ ಹೋಗಲಿ. ಫ್ರೊಯಿಲಾನ್ ಕೂಗಾಡುತ್ತಾನೆ, ಹೆಂಡತಿ ಮಾತು ಕೇಳುವವನು ಎಂದು ಇಡೀ ಊರಿಗೆ ಹೇಳಿಕೊಂಡು ಬರುತ್ತಾನೆ, ಕಾರ್ನಿವಲ್‌ನಲ್ಲಿ ನಿನ್ನ ಬ್ಯಾಂಡಿನವರು ಅದನ್ನೇ ಹಾಡು ಕಟ್ಟುತ್ತಾರೆ. ಕಟ್ಟಲಿ. ನೀನು ಆ ಹಾಡಿಗೂ ತೂಬಾ ಊದು. ಬೆಳಗಾದ ಮೇಲೆ ಗಡಿಯ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ, ನಡೆದು ದಾಟಿ, ಬಸ್ ಹಿಡಿದು ಬಾ. ಖಾಲಿ ಕೈಯಲ್ಲಿ ಬಂದೆ ಎಂದು ತಲೆತಗ್ಗಿಸಬೇಡ. ಹೋದ ವರ್ಷ ಹನ್ನೆರಡು ಹೊಡೆಯುವುದರೊಳಗೆ ನಾವು ಸರಿಯಾಗಿ, ದಾಖಲೆ ಸಮೇತ ಕೇಳಿಕೊಂಡದ್ದು ಒಂದೇ ಒಂದು. ಅದು ಆಗಸ್ಟಿನಲ್ಲೇ ಬಂದಿದೆ. ನಮ್ಮ ವರ್ಷದ ಪಾಲು ನಮಗೆ ಸಿಕ್ಕಿಯಾಗಿದೆ, ವಿಲ್ಮರ್. ಇವತ್ತು ಮಧ್ಯಾಹ್ನ ಏನೂ ಬಿದ್ದುಹೋಗುವುದಿಲ್ಲ.

ನನ್ನ ಮೇಲೆ ಸಿಟ್ಟು ಬಂದಿದ್ದರೆ ಬರಲಿ. ವರ್ಷವಿಡೀ ಸುಳ್ಳು ಹೇಳಿದವಳ ಮೇಲೆ ಬರಲೇಬೇಕು. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಎಷ್ಟು ಬೇಕೋ ಅಷ್ಟು ಬೈಯಿ. ಕೂತು ಕೇಳುತ್ತೇನೆ, ಒಂದು ಮಾತೂ ತಿರುಗಿ ಆಡುವುದಿಲ್ಲ.

ಮೂರು ಐವತ್ತು. ಕಳಿಸಿದ ಪುಟಗಳಿಗೆಲ್ಲ ಫೋನಿನಲ್ಲಿ ಇನ್ನೂ ಒಂದೊಂದೇ ಟಿಕ್ ಗುರುತು, ನಿನ್ನನ್ನು ಮುಟ್ಟಿಲ್ಲ. ಇದೇ ಕೊನೆಯ ಪುಟ. ನೆಲದ ತಾಯಿ ಪಚಮಾಮಾ ನಿನ್ನ ಕಾಲಡಿ ಗಟ್ಟಿಯಾಗಿರಲಿ, ನಿನ್ನನ್ನು ರಸ್ತೆಯ ಮೇಲೇ ಮನೆಗೆ ತರಲಿ. ಓದಿ ಮುಗಿಸಿದ ಕೂಡಲೇ, ದಿಬ್ಬದಿಂದ ಒಂದು ಹೆಜ್ಜೆ ಇಳಿಯುವ ಮೊದಲು, ನನಗೆ ಫೋನು ಮಾಡು. ಮಾತಾಡಲು ಮನಸ್ಸಿಲ್ಲದಿದ್ದರೆ ಬರೀ ಉಸಿರಾಡು, ನಿನ್ನದೆಂದು ಗೊತ್ತಾಗುತ್ತದೆ. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಫೋನನ್ನು ಅಂಗೈಯಲ್ಲಿ ಹಿಡಿದು ಕುಳಿತಿರುತ್ತೇನೆ.

ನಿನ್ನ
ಯೊವಾನಾ

ಬೆಳಗಾಗುವ ಮೊದಲು, ವಿಲ್ಮರ್. ದಮ್ಮಯ್ಯ, ಬೆಳಗಾಗುವ ಮೊದಲೇ ಫೋನು ಮಾಡು.